ಡಾಂಬರ ಗುಳಿಗೆ ತೆಗೆದಿಟ್ಟ ಕಂಬಳಿ

ಸುದ್ದಿ ಸಿಕ್ಕದ್ದು ರಾಯಚೂರು ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ. ಪೋತ್ನಾಳದ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರ್ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಹೇಳಿದ: "ಒಬ್ಬ ಕುರಿ ಕಾಯಾಂವನ್ನ ದೊಡ್ಡ ದವಾಖಾನಿ ಮುಂದ ಇಳಿಸಿ ಬಂದೀನ್ರಿ. ಸರಕಾರಿ ಗುಳಿಗಿ ನುಂಗ್ಯಾನಂತ. ಕರ್ರಗ ಉಚ್ಚಿ ಹೊಯ್ಯಾಕತ್ತಾನ."

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ತುರ್ತು ಪರಿಸ್ಥಿತಿ ಮುಗಿದಿದ್ದರೂ ಸರಕಾರದ ಸೂಜಿ, ಸರಕಾರದ ಗುಳಿಗೆ ಎಂದರೆ ಹಳ್ಳಿಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೋಯಿತೆಂದು ನಾವೆಲ್ಲ ಬರೆದುಬಿಟ್ಟಿದ್ದ ಮಲೇರಿಯಾ ಕಾಲುವೆ ನೀರಿನ ಮಾನ್ವಿ ಭಾಗಕ್ಕೆ ಮರಳಿ ಬಂದಿತ್ತು. ಮಲೇರಿಯಾ ಇಲಾಖೆಯವರು ಮನೆಮನೆ ತಿರುಗಿ ಬೆರಳು ಚುಚ್ಚಿ, ಗಾಜಿನ ಮೇಲೆ ರಕ್ತ ಸವರಿಕೊಂಡು, ಗುಳಿಗೆ ಕೊಟ್ಟು ಹೋಗುತ್ತಿದ್ದರು. ಗುಳಿಗೆ ನುಂಗಿ ಒಬ್ಬ ಸತ್ತರೂ ಅದು ಮುಖಪುಟದ ಸುದ್ದಿ. ನಾನು ಒಂದು ದಿನಪತ್ರಿಕೆಯ ಜಿಲ್ಲಾ ವರದಿಗಾರ. ನನ್ನ ಸಂಪಾದಕರದು ಒಂದೇ ಕಟ್ಟಳೆ: "ಕಂಡದ್ದು ಬರಿ. ಕೇಳಿದ್ದನ್ನ ಯಾರು ಹೇಳಿದ್ರು ಅಂತ ಬರಿ. ನೀ ಮಾತ್ರ ಸುದ್ದಿಯೊಳಗ ಕಾಲಿಡಬ್ಯಾಡ." ಚಹಾ ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ನಡೆದೆ.

ಗಂಡಸರ ವಾರ್ಡಿನ ಮೂಲೆಯ ಮಂಚದ ಕೆಳಗೆ ಒಂದು ಗಾಜಿನ ಬಾಟಲಿ ಇತ್ತು. ಅದರಲ್ಲಿದ್ದುದಕ್ಕೆ ಹಾಲು ಹಾಕದ ಚಹಾದ ಬಣ್ಣ. ಮಂಚದ ಮೇಲೆ ಇಪ್ಪತ್ತೈದರ ಆಸುಪಾಸಿನ ಕುರಿಗಾರ. ಗಬ್ಬೂರಿನ ಹತ್ತಿರದ ಒಂದು ದೊಡ್ಡಿಯವನು. ನಮ್ಮಲ್ಲಿ ಊರಿನಿಂದ ದೂರ ಹೊಲಗಳ ನಡುವಿರುವ ಹತ್ತಾರು ಮನೆಗಳ ಗುಂಪಿಗೆ ದೊಡ್ಡಿ ಎನ್ನುತ್ತಾರೆ. ಭತ್ತದ ಕೊಯ್ಲಾದ ಮೇಲೆ ಪೋತ್ನಾಳದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಹೋಗಿದ್ದ. ಅಲ್ಲಿ ಚಳಿಜ್ವರ ಬಂತು. ಮಲೇರಿಯಾದವರು ಕೊಟ್ಟ ದೊಡ್ಡ ಗುಳಿಗೆ, ಸಣ್ಣ ಗುಳಿಗೆ ಎರಡನ್ನೂ ನುಂಗಿದ. ಜ್ವರ ಇಳಿಯಿತು, ಆದರೆ ಮೈ ಬಿಳಿಚಿತು, ಕಣ್ಣು ಹಳದಿಯಾಯಿತು, ಮೂತ್ರ ಕಪ್ಪಾಯಿತು. ಪಕ್ಕದಲ್ಲಿ ನೆಲಕ್ಕೆ ಕುಳಿತಿದ್ದ ಅವನ ತಾಯಿ, ಗಟ್ಟಿ ಮೂಳೆಯ ಮುದುಕಿ, ನನ್ನ ಹೆಗಲಚೀಲ ನೋಡಿ ಸೆರಗು ಬಿಗಿದಳು.

"ನೀವೂ ಗುಳಿಗಿಯವರೇನ್ರಿ?"

"ಅಲ್ಲವ್ವಾ, ಪೇಪರಿನಾಂವ."

"ಹಂಗಾರ ಬರ್ಕೋರಿ. ಮೊದಲ ಮಕ್ಕಳಾಗದಂಗ ಆಪ್ರೇಶನ್ ಮಾಡ್ತೀವಿ ಅಂತ ಬಂದ್ರು. ಆಗ ಇವ ಜ್ವಾಳದ ಹೊಲದಾಗ ಅಡಗಿ ಕುಂತ. ಈಗ ಗುಳಿಗಿ ಕೊಟ್ಟಾರ. ಎಲ್ಲಿ ಅಡಗತಾನ?"

ವೈದ್ಯರು ಮೈಸೂರು ಕಡೆಯ ತರುಣ. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಇದು ರಕ್ತ ಸೋರಿದ್ದಲ್ಲ," ಎಂದರು. "ಕೆಂಪು ಕಣಗಳು ರಕ್ತನಾಳದ ಒಳಗೇ ಒಡೀತಿವೆ. ಆ ಬಣ್ಣ ಮೂತ್ರದಲ್ಲಿ ಇಳೀತಿದೆ." ಸಣ್ಣ ಗುಳಿಗೆಯನ್ನು ಆಗಲೇ ನಿಲ್ಲಿಸಿದ್ದರು. ಸಲೈನ್ ಓಡುತ್ತಿತ್ತು. ಪ್ರತಿ ಬಾರಿಯ ಮೂತ್ರವನ್ನೂ ಅಳೆದಿಡಲು ನರ್ಸಿಗೆ ಹೇಳಿದ್ದರು. ಅದು ನಿಂತರೆ ಮೂತ್ರಪಿಂಡ ಹೋಯಿತೆಂದು ಅರ್ಥ. ಅವರ ಗುಮಾನಿ ಕಣದೊಳಗಿನ ಒಂದು ಕಿಣ್ವದ ಮೇಲಿತ್ತು. ಕೆಲವರಿಗೆ ಅದು ಹುಟ್ಟಿನಿಂದಲೇ ಕಡಿಮೆ. ಅಂಥವರು ಎಲ್ಲರಂತೆ ಉಂಡು ತಿಂದು ಗಟ್ಟಿಯಾಗಿಯೇ ಇರುತ್ತಾರೆ, ಕೆಲವು ಔಷಧ, ಕೆಲವು ರಾಸಾಯನಿಕ ಮೈಗೆ ಸೇರುವವರೆಗೆ.

"ಪರೀಕ್ಷೆ ಮಾಡಬಹುದಲ್ಲ?" ಎಂದೆ.

"ಇಲ್ಲಿ ಅನುಕೂಲ ಇಲ್ಲ. ಇದ್ದರೂ ಈಗ ಮಾಡಿದ ಪರೀಕ್ಷೆ ಸುಳ್ಳು ಹೇಳಬಹುದು. ಕೊರತೆ ಜಾಸ್ತಿ ಇರೋ ಹಳೇ ಕಣಗಳೆಲ್ಲ ಒಡೆದುಹೋಗಿವೆ. ಉಳಿದಿರೋದು ಹೊಸವು, ಅವುಗಳಲ್ಲಿ ಕಿಣ್ವ ಇರುತ್ತೆ." ಹಾಗೆಂದು ಅವರು ಮುದುಕಿಯ ಮುಂದೆ ಸ್ಟೂಲು ಎಳೆದುಕೊಂಡು ಕುಳಿತರು. "ಅಜ್ಜಿ, ನಿಮಗೆ ಮಕ್ಕಳು ಎಷ್ಟು?"

"ಹಡದದ್ದು ಕೇಳ್ತೀರೋ, ಉಳದದ್ದು ಕೇಳ್ತೀರೋ?"

ವೈದ್ಯರು ಪೆನ್ನು ತೆಗೆದರು. ಮುದುಕಿಯೇ ಹೇಳಿದಳು. ಇವನಿಗಿಂತ ಮೊದಲು ಎರಡು ಗಂಡು. ಎರಡೂ ಹಸಿ ಕೂಸಿದ್ದಾಗಲೇ ಕಾಮಣಿಯಾಗಿ, ಅರಿಶಿಣ ಬಳಿದಂತೆ ಹಳದಿಯಾಗಿ ಹೋದವು. ಹೊಟ್ಟೆಗೆ ಬರೆ ಹಾಕಿಸಿದ್ದಳು, ಕಣ್ಣಿಗೆ ಸೊಪ್ಪಿನ ರಸ ಬಿಡಿಸಿದ್ದಳು. ತವರಿನಲ್ಲಿ ಅವಳ ಅಣ್ಣನೊಬ್ಬ ಜ್ವರಕ್ಕೆ ಯಾವುದೋ ಔಷಧ ಕುಡಿದು ಹೀಗೆಯೇ ಕಪ್ಪಗೆ ಹೊಯ್ದು ಸತ್ತಿದ್ದ. "ಮಾಟ ಅಂದ್ರು. ಪಕ್ಕದ ಮನ್ಯಾಕಿ ಕೂಡ ಇವತ್ತಿಗೂ ನಮಗ ಮಾತಿಲ್ಲ."

"ಹೆಣ್ಣುಮಕ್ಕಳು?"

"ಒಬ್ಬಾಕಿ ಅದಾಳ್ರಿ, ಇವನ ತಂಗಿ. ಚೊಚ್ಚಲ. ಎಂಟು ತಿಂಗಳ ತುಂಬ್ಯಾವ. ತವರಿಗೆ ಕರಕೊಂಡು ಬಂದೀನಿ."

ವೈದ್ಯರು ಪೆನ್ನಿನ ಮುಚ್ಚಳ ಹಾಕಿದರು. ನಂತರ ನನಗೆ ವಿವರಿಸಿದ್ದು ಇಷ್ಟು: ಈ ಕೊರತೆ ತಾಯಿಯಿಂದ ಮಗನಿಗೆ ಬರುತ್ತದೆ. ಹೆಣ್ಣಿನಲ್ಲಿ ಆ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ಕೆಟ್ಟಿದ್ದರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ. ಗಂಡಿಗೆ ಇರುವುದು ಒಂದೇ. ಈ ತಂಗಿ ಕೆಟ್ಟ ಪ್ರತಿಯನ್ನು ಹೊತ್ತಿರಬಹುದು, ಇಲ್ಲದಿರಬಹುದು. ಹೊತ್ತಿದ್ದು, ಹುಟ್ಟುವುದು ಗಂಡಾದರೆ, ಅರ್ಧಕ್ಕರ್ಧ ಅಪಾಯ.

ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದೆ: ಸೋದರಮಾವನಿಗೆ ಕೊಟ್ಟ ಮದುವೆಗಳಿಂದ ಬಂದದ್ದೇ ಇದು? ಅವರು ಅಲ್ಲವೆಂದು ತಲೆಯಾಡಿಸಿದರು. ಗಂಡುಮಗುವಿಗೆ ಇದು ತಾಯಿಯಿಂದ ಮಾತ್ರ ಬರುವಂಥದು, ತಂದೆ ಯಾರಾದರೂ ಒಂದೇ ಎಂದರು. ಹಾಗಾದರೆ ಇನ್ನೊಂದು: ಇಂಥ ದೋಷ ಇದ್ದವರು ತಲೆಮಾರಿನಿಂದ ಸಾಯುತ್ತ ಬಂದಿದ್ದರೆ ದೋಷವೂ ಅವರ ಜೊತೆ ಸತ್ತುಹೋಗಬೇಕಿತ್ತಲ್ಲ? ನಿಸರ್ಗ ಒಳ್ಳೆಯದನ್ನೇ ಆರಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವಲ್ಲ?

"ಒಳ್ಳೇದು ಯಾವುದಕ್ಕೆ ಅಂತ ಕೇಳಬೇಕು," ಎಂದರು ವೈದ್ಯರು. "ಈ ಗುಳಿಗೆ ಬಂದು ಎಷ್ಟು ಕಾಲ ಆಯಿತು? ಮಲೇರಿಯಾ ಈ ನದಿ ದಂಡೆಗಳಲ್ಲಿ ಎಷ್ಟೋ ತಲೆಮಾರಿನಿಂದ ಇದೆ. ಅದರ ರೋಗಾಣು ಕೆಂಪು ಕಣದಲ್ಲೇ ಬೆಳೀಬೇಕು. ಈ ಕಿಣ್ವ ಕಡಿಮೆ ಇರೋ ಕಣ ಅದಕ್ಕೆ ಸರಿಯಾದ ಮನೆಯಲ್ಲ, ಬೆಳೆಯೋಕೆ ಮೊದಲೇ ಕುಸಿಯುತ್ತೆ. ಜ್ವರ ಬರೋದೇ ಇಲ್ಲ ಅಂತಲ್ಲ, ಇವನಿಗೆ ಬಂತಲ್ಲ. ಕೊಲ್ಲೋದು ಕಡಿಮೆ. ಊರಿನ ಮಕ್ಕಳೆಲ್ಲ ಜ್ವರದಲ್ಲಿ ಹೋದಾಗ ಈ ದೋಷ ಇದ್ದ ಕೆಲವು ಮಕ್ಕಳು ಉಳಿದರು, ದೊಡ್ಡವರಾದರು, ಅವರಿಗೂ ಮಕ್ಕಳಾದವು. ಹತ್ತು ಮಂದಿಯನ್ನ ಉಳಿಸಿ ಒಬ್ಬರನ್ನ ತಿಂದರೆ ದೋಷ ಅಳಿಯೋದಿಲ್ಲ. ತಿಂದದ್ದು ಯಾರನ್ನ ಅನ್ನೋ ಲೆಕ್ಕ ನಿಸರ್ಗಕ್ಕೆ ಇಲ್ಲ."

ಮಂಚದ ಮೇಲಿದ್ದ ಕುರಿಗಾರ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದನೆಂದು ಆಗ ಗೊತ್ತಾಯಿತು. "ಡಾಕ್ಟರ್ ಸಾಹೇಬ್ರ, ನಮ್ಮ ಹಿಂಡಿನಾಗ ಒರಟು ಉಣ್ಣಿದು ಒಂದು ತಳಿ ಅದ. ಸಂತ್ಯಾಗ ಯಾರೂ ಮೂಸಂಗಿಲ್ಲ. ಆದ್ರ ಬ್ಯಾನಿ ಬಿದ್ದ ವರ್ಷ ಚೊಲೊ ಚೊಲೊ ಕುರಿ ಹೋಗಿ ಅವಽ ಉಳಿತಾವ. ನಾ ಅಂಥಾ ಕುರಿ ಅಂದಂಗಾತು."

"ಸುಮ್ನ ಮಕ್ಕೋ ಬಾಡ್ಯಾ," ಎಂದಳು ತಾಯಿ. "ಉಚ್ಚಿ ಕರ್ರಗಾದ್ರೂ ಬಾಯಿ ಕರ್ರಗಾಗವಲ್ದು."

ವೈದ್ಯರು ನಕ್ಕು ಮುದುಕಿಗೆ ಒಂದೊಂದಾಗಿ ಹೇಳಿದರು. ಮಗನಿಗೆ ಇನ್ನೆಂದೂ ಆ ಸಣ್ಣ ಗುಳಿಗೆ ಬೇಡ. ಮಗಳು ಹಡೆದ ಮೇಲೆ ಕೂಸಿನ ಕಣ್ಣು ಹಳದಿಯಾದರೆ ಬರೆ ಹಾಕಿಸದೆ ನೇರ ಇಲ್ಲಿಗೆ ತರಬೇಕು. ಕೂಸಿನ ಹತ್ತಿರ ಡಾಂಬರ ಗುಳಿಗೆ ಇರಬಾರದು; ಬಟ್ಟೆಗೆ ನುಸಿ ಹತ್ತದಂತೆ ಟ್ರಂಕಿನಲ್ಲಿ ಹಾಕುವ ಆ ಬಿಳಿ ಗುಳಿಗೆಯೂ ಇಂಥ ರಕ್ತವನ್ನು ಒಡೆಯುತ್ತದೆ. ಮುದುಕಿ ಅದನ್ನು ಎರಡು ಸಲ ಹೇಳಿಸಿಕೊಂಡಳು. "ಅವ್ನ ತಂದಾಂವ ಇವನಽ ರೀ. ರಾಯಚೂರ ಬಜಾರದಾಗ ಕೊಂಡು ತಂದು, ಬೇವಿನ ಸೊಪ್ಪು ಹಳೇ ಮಂದಿದು ಅಂತ ನನಗ ಬುದ್ಧಿ ಹೇಳಿದ. ಹೋಗಿ ಎಲ್ಲಾ ತಿಪ್ಪಿಗಿ ಒಗಿತೀನಿ."

ಹೊರಗೆ ಜಗಲಿಯಲ್ಲಿ ಗುಳಿಗೆ ಕೊಟ್ಟ ಮಲೇರಿಯಾ ಕೆಲಸಗಾರ ನನ್ನನ್ನು ಕಾಯುತ್ತಿದ್ದ. ಸೈಕಲ್ಲಿನ ಮೇಲೆ ಮಾನ್ವಿಯಿಂದ ಚೀಕಲಪರ್ವಿಯವರೆಗೆ ತಿರುಗುವ ಮನುಷ್ಯ. "ಬರೀಬ್ಯಾಡ್ರಿ ಸರ್. ನೀವು ಬರದ್ರ ಒಬ್ಬರೂ ನುಂಗಂಗಿಲ್ಲ. ಜ್ವರ ಮಿದುಳಿಗೇರಿ ಹೋದ ಕೂಸುಗಳನ್ನ ನಾ ನೋಡೀನಿ. ನಿಮ್ಮ ಪೇಪರು ನೋಡಿಲ್ಲ."

ಸುದ್ದಿ ತಡೆಹಿಡಿಯುವುದು ನನ್ನ ಕೆಲಸವಲ್ಲ ಎಂದೆ. ಕಚೇರಿಗೆ ಹೋಗಿ ಎಲ್ಲವನ್ನೂ ಬರೆದೆ: ಗುಳಿಗೆ ಬಹುಮಂದಿಗೆ ಜೀವದಾನ, ಕೆಲವರಿಗೆ ವಿಷ, ಮುನ್ಸೂಚನೆ ಯಾವುದು, ವೈದ್ಯರ ವಿವರಣೆ ಏನು. ಅಚ್ಚಾದದ್ದು ಸರಕಾರಿ ಗುಳಿಗೆ ನುಂಗಿದವನು ಆಸ್ಪತ್ರೆ ಸೇರಿದನೆಂಬ ಮೇಲಿನ ಭಾಗ ಮಾತ್ರ. ವಿವರಣೆಗೆ ಜಾಗ ಸಿಗಲಿಲ್ಲ. ಮುಂದಿನ ಬಾರಿ ಪೋತ್ನಾಳಕ್ಕೆ ಹೋದಾಗ ಅಂಗಡಿಯವನೊಬ್ಬ ಹೇಳಿದ, ಜನ ಗುಳಿಗೆ ಇಸಿದುಕೊಂಡು ಕೆಲಸಗಾರನ ಎದುರಿಗೆ ಬಾಯಲ್ಲಿಟ್ಟು, ಅವನ ಸೈಕಲ್ಲು ತಿರುಗುತ್ತಲೇ ಉಗುಳುತ್ತಾರೆಂದು. ತಿದ್ದುಪಡಿ ಪ್ರಕಟಿಸುವಂಥ ತಪ್ಪೇನೂ ವರದಿಯಲ್ಲಿರಲಿಲ್ಲ. ಪ್ರತಿ ವಾಕ್ಯವೂ ಸರಿಯಾಗಿತ್ತು.

ಕುರಿಗಾರ ಉಳಿದ. ಮೂತ್ರ ತಿಳಿಯಾಯಿತು, ಮನೆಗೆ ಕಳಿಸಿದರು. ಮುಂದೇನಾಯಿತೆಂದು ಒಂದು ಪ್ಯಾರಾ ಬೇಕೆಂದು ಸಂಪಾದಕರು ಕೇಳಿದ್ದರಿಂದ ಕೆಲವು ವಾರಗಳ ಬಳಿಕ ನಾನು ದೇವದುರ್ಗದ ಬಸ್ಸು ಹತ್ತಿ ಗಬ್ಬೂರಿನಲ್ಲಿ ಇಳಿದೆ. ಅಲ್ಲಿಂದ ದೊಡ್ಡಿಗೆ ಕಪ್ಪು ನೆಲದ ನಡುವೆ ಬಂಡಿಜಾಡು.

ಮುದುಕಿ ನನ್ನನ್ನು ದೂರದಿಂದಲೇ ಗುರುತು ಹಿಡಿದಳು. "ಬರ್ರಿ ಪೇಪರಿನಣ್ಣಾ! ಗಂಡು ಹುಟ್ಯದ. ಡಾಕ್ಟರ ಹೇಳಿದ್ದು ಒಂದೂ ತಪ್ಪಿಲ್ಲ. ಬರ್ರಿ, ನೋಡ್ರಿ." ಮೊದಲು ಟ್ರಂಕಿನ ಮುಚ್ಚಳ ತೆಗೆದು ತೋರಿಸಿದಳು. ಒಳಗೆ ಬೇವಿನ ಸೊಪ್ಪು. ಡಾಂಬರ ಗುಳಿಗೆಗಳನ್ನೆಲ್ಲ ಹೆರಿಗೆಗೆ ಮೊದಲೇ ಆರಿಸಿ ತೆಗೆದು ಪಾಪಾಸುಕಳ್ಳಿಯ ಬೇಲಿಯಾಚೆ ಎಸೆದಿದ್ದಳು. "ಒಂದಽ ಒಂದು ಇಟ್ಟಿಲ್ರಿ. ಮೂಲಿ ಮೂಲಿ ಕೈ ಹಾಕಿ ನೋಡೀನಿ."

ಬಾಣಂತಿಯ ಕೋಣೆಯಲ್ಲಿ ಅಜವಾನದ ಹೊಗೆ ತುಂಬಿತ್ತು. ಕತ್ತಲು. ಕೂಸನ್ನು ನನಗೆ ತೋರಿಸಲೆಂದು ಮುದುಕಿ ಅಂಗಳದ ಬಿಸಿಲಿಗೆ ಎತ್ತಿ ತಂದಳು. ಹುಟ್ಟಿ ಒಂದು ವಾರವೂ ಆಗಿರಲಿಲ್ಲ. ದಪ್ಪ ಕರಿ ಕಂಬಳಿಯಲ್ಲಿ ಮುಖ ಮಾತ್ರ ಕಾಣುವಂತೆ ಸುತ್ತಿದ್ದರು. ಅದು ಅವಳ ಮಾವನ ಕಾಲದ ಕಂಬಳಿ. ಆ ಮನೆಯಲ್ಲಿ ಹುಟ್ಟಿದ ಗಂಡು ಮೊದಲು ಅದರಲ್ಲಿ ಮಲಗಬೇಕು, ಐದನೆಯ ದಿನದ ಪೂಜೆಗೆ ಅದನ್ನೇ ಹಾಸಬೇಕು, ಬಾಣಂತನ ಮುಗಿಯುವ ತನಕ ಕೂಸು ಅದರಿಂದ ಹೊರಗೆ ಬರಬಾರದು. ನಡುವಿನ ಕಾಲವೆಲ್ಲ ಅದು ಟ್ರಂಕಿನಲ್ಲಿರುತ್ತದೆ.

ಹೊಗೆಯಿಂದ ಹೊರಗೆ ಬಂದ ಕೂಡಲೇ ನನಗೆ ಆ ವಾಸನೆ ಹತ್ತಿತು. ಮದುವೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದಾಗ ಬರುವ ವಾಸನೆ. ಗುಳಿಗೆ ಒಂದೂ ಇರಲಿಲ್ಲ. ಆದರೆ ಟ್ರಂಕಿನಲ್ಲಿ ಅವುಗಳ ಜೊತೆ ಮಳೆಗಾಲ ಚಳಿಗಾಲ ಕಳೆದ ಉಣ್ಣೆಯ ಎಳೆಎಳೆಯಲ್ಲಿ ಅವು ಕರಗಿ ಕುಳಿತಿದ್ದವು. ಮುದುಕಿ ಬಗ್ಗಿ ಮೂಸಿ, "ಎಷ್ಟು ಸ್ವಚ್ಛ ವಾಸನಿ ನೋಡ್ರಿ," ಎಂದಳು. ಕೂಸು ಕಣ್ಣು ಬಿಟ್ಟಿತು. ಬಿಳಿಯಿರಬೇಕಾದ ಕಡೆ ಅರಿಶಿಣ.

ನಾನು ವೈದ್ಯನಲ್ಲ. ನನಗೆ ತಿಳಿದಿದ್ದುದು ಒಮ್ಮೆ ಕೇಳಿಸಿಕೊಂಡ ಮಾತು ಮಾತ್ರ. ಸುದ್ದಿಯೊಳಗೆ ಕಾಲಿಡಬೇಡ ಎಂಬ ಕಟ್ಟಳೆ ನೆನಪಿತ್ತು. ಅದನ್ನು ಮುರಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಯವ್ವಾ, ಆ ಕಂಬಳಿ ತೆಗಿ. ಗುಳಿಗಿ ಅದರಾಗ ಕರಗ್ಯದ. ಕೂಸಿನ ಕಣ್ಣು ನೋಡು."

ಮುದುಕಿ ಹಿಂದೆ ಸರಿದಳು. "ಏನ್ ಮಾತಾಡ್ತೀರಿ? ಗುಳಿಗಿ ತೆಗದೀನಿ ಅಂದ್ನೆಲ್ಲಾ. ಇದು ನಮ್ಮ ಮಾವಂದು. ಇದರಾಗ ದೇವರದಾನ."

"ವಾಸನೆ ಅದ ಅಂದ್ರ ಗುಳಿಗಿ ಅದ ಅಂತಽ ಅರ್ಥ."

"ವಾಸನಿ ಕೂಸಿಗೇನು ಮಾಡ್ತದ್ರಿ? ಕೂಸೇನು ಕಂಬಳಿ ತಿಂತದ?"

ಕುರಿಗಾರ ಹಟ್ಟಿಯಿಂದ ಓಡಿಬಂದವನು ನಮ್ಮ ಮಾತು ಕೇಳಿ ನಿಂತ. ಕೂಸಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿದ, ಕುರಿಯ ಕಣ್ಣು ನೋಡುವ ಹಾಗೆ. "ಯವ್ವಾ, ನನ್ನ ಉಚ್ಚಿ ನೀ ನೋಡಿಲ್ಲೇನು?" ಎಂದು ಕಂಬಳಿಯನ್ನು ಸುರುಳಿ ಬಿಚ್ಚಿ ಎಳೆದು ಬೇಲಿಯ ಮೇಲೆ ಒಗೆದ. ಮುದುಕಿ ಬೇಲಿಯನ್ನು ನೋಡಿದಳು, ಕೂಸನ್ನು ನೋಡಿದಳು, ಆಮೇಲೆ ನೆಲಕ್ಕೆ ಕುಳಿತುಬಿಟ್ಟಳು. ಅವಳು ಹಿಂದೆ ಎರಡು ಕೂಸುಗಳಲ್ಲಿ ನೋಡಿದ್ದ ಬಣ್ಣ ಅದು. ಈ ಸಲ ಹೊಗೆಯ ಕತ್ತಲೆಯಲ್ಲಿ ಕಂಡಿರಲಿಲ್ಲ.

ಎಲ್ಲರೂ ರಾಯಚೂರಿನ ಆಸ್ಪತ್ರೆಗೆ ಹೊರಟೆವು. ಗಬ್ಬೂರಿನವರೆಗೆ ಕುರಿಗಾರನ ತಂಗಿ ನಡೆದೇ ಬಂದಳು, ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಬಿಸಿಲು ಕಾಮಣಿಯನ್ನು ಇಳಿಸುತ್ತದೆಂದು ಎಲ್ಲೋ ಓದಿದ್ದೆ. ಕೂಸನ್ನು ಬರೀ ಮೈಯಲ್ಲಿ ಎಳೆಬಿಸಿಲಿಗೆ ಹಿಡಿಯಲು ಹೇಳಿದೆ. ಬಸ್ಸಿನಲ್ಲಿ ಹೆಂಗಸರು ಸುಮ್ಮನಿರಲಿಲ್ಲ. "ಹಸಿ ಬಾಣಂತಿನ ಕರಕೊಂಡು ಹೊಂಟಾರ, ಕೂಸಿಗೊಂದು ಅರಿವಿ ಇಲ್ಲ. ಗಂಡಸರ ಕೈಯಾಗ ಕೊಟ್ರ ಇಷ್ಟಽ." ತಂಗಿ ಕೂಸಿನ ಮೇಲೆ ಬಾಗಿ ಕುಳಿತಳು. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ ಕೇಳಿದಳು: "ಅಣ್ಣಾರ, ಇದು ನನ್ನಿಂದ ಬಂತಂತ ಹೌದೇನ್ರಿ?" ಆಸ್ಪತ್ರೆ ಹತ್ತಿರ ಬಂತು ಎಂದೆ. 

ಆಸ್ಪತ್ರೆ ಮುಟ್ಟುವಾಗ ಕೂಸಿನ ಅಳು ಬದಲಾಗಿತ್ತು. ಸಣ್ಣಗೆ, ಚೀರುವ ದನಿ. ಬೆನ್ನು ಹಿಂದಕ್ಕೆ ಬಾಗುತ್ತಿತ್ತು. ವೈದ್ಯರು ನೋಡಿದ ಕೂಡಲೇ ಅಂಗೈಯಿಂದ ಹಣೆ ಒತ್ತಿಕೊಂಡರು. ಒಡೆದ ಕಣಗಳ ಹಳದಿ ಮಿದುಳಿಗೆ ಇಳಿಯುತ್ತಿದೆ ಎಂದರು. ಆಗಬೇಕಾದ್ದು ಒಂದೇ: ಕೂಸಿನ ರಕ್ತವನ್ನು ತುಸು ತುಸು ತೆಗೆಯುತ್ತ ಬೇರೆಯವರ ರಕ್ತವನ್ನು ತುಸು ತುಸು ಏರಿಸುತ್ತ ಪೂರ್ತಿ ಬದಲಿಸುವುದು. ಅದಕ್ಕೆ ಬೇಕಾದ ಸಲಕರಣೆ, ಅನುಭವ ಇದ್ದ ಕೈ ಆಗ ಜಿಲ್ಲಾ ಊರುಗಳಲ್ಲಿ ಸಿಗುತ್ತಿರಲಿಲ್ಲ. ಬಳ್ಳಾರಿಗೆ ಒಯ್ಯಬಹುದು, ಆದರೆ ಈ ಸ್ಥಿತಿಯಲ್ಲಿ ಕೂಸು ಅಷ್ಟು ದೂರದ ದಾರಿ ತಾಳುವುದಿಲ್ಲ. ಸಾದಾ ರಕ್ತವನ್ನಾದರೂ ಕೊಡೋಣ ಎಂದರು.

"ನಂದು ತಗೋರಿ," ಎಂದು ಕುರಿಗಾರ ತೋಳು ಚಾಚಿದ.

"ನಿನ್ನದು ಬೇಡಪ್ಪ. ಅದೇ ರಕ್ತ."

"ನಂದು?" ಎಂದಳು ಮುದುಕಿ.

ಅವಳದೂ ಬೇಡ. ತಾಯಿಯದೂ ಬೇಡ. ಕೂಸಿಗಾಗಿ ಪ್ರಾಣ ಕೊಡಲು ನಿಂತವರೆಲ್ಲ ಅದೇ ಕೊರತೆಯವರು, ಇಲ್ಲವೆ ಅದನ್ನು ಹೊತ್ತವರು. ತಂದೆ ತುಂಗಭದ್ರೆಯ ದಂಡೆಯ ಚೀಕಲಪರ್ವಿಯ ಕಡೆ ಕುರಿಗಳ ಹಿಂದೆ ಇದ್ದ, ಹೇಳಿಕಳಿಸಲು ದಾರಿಯಿರಲಿಲ್ಲ. ನನ್ನ ರಕ್ತ ಹೊಂದಲಿಲ್ಲ. ಕೊನೆಗೆ ಹೊಂದಿದ್ದು ಔಷಧ ಕೊಡುವ ಕಂಪೌಂಡರನದು. ಅವನು ಬೀಡಿ ಆರಿಸಿ ಬಂದು ಮಲಗಿದ. ಮುದುಕಿ ಅವನ ಕಾಲು ಮುಟ್ಟಲು ಹೋದಾಗ, "ಏ ಮುದುಕಿ, ಕಾಲು ಬ್ಯಾಡ, ಒಂದು ಮರಿ ಕೊಡು," ಎಂದ. ಅವಳು ಆ ಮಾತನ್ನು ಮರೆಯಲಿಲ್ಲ. ಮುಂದಿನ ವರ್ಷ ನಿಜವಾಗಿಯೂ ಒಂದು ಮರಿ ಹಿಡಿದುಕೊಂಡು ಬಂದಿದ್ದಳಂತೆ.

ಕೂಸು ಸಾಯಲಿಲ್ಲ. ಅದರಲ್ಲಿ ಕಿವಿ, ಕೈಕಾಲು ಎಷ್ಟು ಉಳಿದವು ಎಂಬುದು ಬೆಳೆದ ಮೇಲೆ ಗೊತ್ತಾಗಬೇಕು ಎಂದರು ವೈದ್ಯರು.

ನಾನು ಬರೆದ ಎರಡನೆಯ ವರದಿಯನ್ನು ಸಂಪಾದಕರು ಮೇಜಿನ ಮೇಲೆ ತುಸು ಹೊತ್ತು ಇಟ್ಟುಕೊಂಡರು. "ಇದರಾಗ ನೀ ಅದೀ," ಎಂದರು. ನನ್ನನ್ನು ತೆಗೆದರೆ ಕಥೆಯೇ ಉಳಿಯುತ್ತಿರಲಿಲ್ಲ. ಕೊನೆಗೆ ಮನೆವಾರ್ತೆಯ ಅಂಕಣದ ಕೆಳಗೆ ನಾಲ್ಕು ಸಾಲು ಬಂತು: ಡಾಂಬರ ಗುಳಿಗೆಯೊಡನೆ ಇಟ್ಟ ಬಟ್ಟೆಯನ್ನು ಒಗೆದು, ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋಗದೆ ಎಳೆಗೂಸಿಗೆ ಬಳಸಬಾರದು. ಆ ದೊಡ್ಡಿಗೆ ನಮ್ಮ ಪತ್ರಿಕೆ ಹೋಗುತ್ತಿದ್ದುದು ಬೆಲ್ಲ ಕಟ್ಟಿದ ಕಾಗದವಾಗಿ ಮಾತ್ರ.

ಎಂಬತ್ತರ ದಶಕದ ನಡುವೆ ಜ್ವರದ ಸುದ್ದಿ ಹಿಡಿದು ಮತ್ತೆ ಅದೇ ದೊಡ್ಡಿಗೆ ಹೋದೆ. ಮಣ್ಣು ತೆಗೆದ ಗುಂಡಿಗಳಲ್ಲಿ ಮಳೆನೀರು ನಿಂತು ಸೊಳ್ಳೆ ಎದ್ದಿದ್ದವು. ಮನೆಮನೆಯಲ್ಲೂ ಜನ ನಡುಗುತ್ತ ಮಲಗಿದ್ದರು. ಮುದುಕಿ ಆ ವೇಳೆಗೆ ತೀರಿಕೊಂಡಿದ್ದಳು. ಗಂಡನೂ ಅಣ್ಣನೂ ಹಿಂಡಿನೊಡನೆ ಅಲೆಯುವ ತಿಂಗಳುಗಳಾದ್ದರಿಂದ ತಂಗಿ ಈ ಸಲವೂ ತವರಿನಲ್ಲಿದ್ದಳು. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದವಳು ನನ್ನನ್ನು ಕಂಡು ಏಳಲು ನೋಡಿದಳು, ಆಗಲಿಲ್ಲ. ಕಂಬಳಿ ಅದೇ. ಈಗ ಅದಕ್ಕೆ ಕುರಿಯ ವಾಸನೆ ಮಾತ್ರ.

ಅಂಗಳದಲ್ಲಿ ಒಬ್ಬ ಹುಡುಗ ಬಾನಿಯಿಂದ ಮರಿಗಳಿಗೆ ನೀರು ಕುಡಿಸುತ್ತಿದ್ದ. ಕತ್ತನ್ನು ತುಸು ಓರೆ ಹಿಡಿದು, ಒಂದು ಕಾಲನ್ನು ಎಳೆದು ಇಡುತ್ತಿದ್ದ. "ತಮ್ಮಾ," ಎಂದು ಕರೆದೆ. ತಿರುಗಲಿಲ್ಲ.

"ಹಿಂದಿಂದ ಕರದ್ರ ಕೇಳಂಗಿಲ್ರಿ ಅವಂಗ," ಎಂದಳು ತಾಯಿ. "ಮುಂದ ಹೋಗಿ ನಿಂತ್ರೂ ಅಷ್ಟಽ. ಕಣ್ಣಿಲೆ ತಿಳಕೋತಾನ."

"ಜ್ವರ ಬಂದಿಲ್ಲೇನು ಅವಂಗ?"

"ಇಲ್ರಿ. ಇಡೀ ದೊಡ್ಯಾಗ ನೆಟ್ಟಗ ಇದ್ದಾಂವ ಅವನೊಬ್ಬಾಂವ. ಎಲ್ಲಾರ ಮನಿಗೂ ನೀರು ಅವನಽ ಹೊತ್ತು ಹಾಕ್ತಾನ." ಅವಳ ಹಲ್ಲು ಕಟಕಟಿಸುತ್ತಿದ್ದವು. "ಅಂದು ಡಾಕ್ಟರ ಹೇಳಿದ್ರಂತಲ್ಲ, ನಮ್ಮ ರಕ್ತ ಜ್ವರಕ್ಕ ಚೊಲೊ ಅಂತ."

ಒಬ್ಬ ಹುಡುಗನಿಂದ ಏನೂ ಸಾಬೀತಾಗುವುದಿಲ್ಲ. ಸೊಳ್ಳೆ ಅವನನ್ನು ಕಚ್ಚದೆಯೂ ಇರಬಹುದು. ಹಾಗೆಂದು ಟಿಪ್ಪಣಿಯಲ್ಲಿ ಬರೆದುಕೊಂಡೆ. ಅವಳಿಗೆ ಹೇಳಲಿಲ್ಲ.

ಅವಳಿಗೆ ನೀರಡಿಕೆಯಾಗಿತ್ತು. ಕಂಬಳಿಯೊಳಗಿಂದ ಕೈ ತೆಗೆದು ಕಟ್ಟೆಯ ಮೇಲಿನ ಒಂದು ಹರಳು ಎತ್ತಿ ಹುಡುಗನ ಕಡೆ ಎಸೆದಳು. ದಾರಿ ತಪ್ಪಿದ ಕುರಿಯ ಮುಂದೆ ಕಲ್ಲು ಎಸೆದು ತಿರುಗಿಸುವುದು ಆ ಜನರ ರೂಢಿ. ಜ್ವರದ ಕೈಗೆ ಬಲವಿರಲಿಲ್ಲ, ಹರಳು ನಡುದಾರಿಯಲ್ಲಿ ಬಿತ್ತು. ಇನ್ನೊಂದನ್ನು ಹುಡುಕಿ ನನ್ನ ಕೈಗೆ ಕೊಟ್ಟಳು.

"ಮೈಗೆ ತಾಗಬಾರದ್ರಿ. ಅವನ ಮುಂದ ಬೀಳಬೇಕು."

ಎಸೆದೆ. ಅವನ ಪಾದದ ಮುಂದೆ ಧೂಳೆದ್ದಿತು. ಹುಡುಗ ತಲೆಯೆತ್ತಿ ತಾಯಿಯ ಮುಖ ನೋಡಿದ. ಚಂಬು ತುಂಬಿಕೊಂಡು, ಕಾಲೆಳೆಯುತ್ತ, ನಮ್ಮ ಕಡೆಗೆ ಬಂದ.